ಮುಸುಕಿನ ಜೋಳದ ಬೀಜದಳ ಎಲ್ಲಿದೆ?

ಏಕದಳ ಮತ್ತು ದ್ವಿದಳ ಸಸ್ಯಗಳ ವ್ಯತ್ಯಾಸವನ್ನು ಎರಡು ಸಾಲುಗಳ ಕೋಷ್ಟಕದಲ್ಲಿ ಕೊಡುವುದು ನಮ್ಮ ಪಠ್ಯಪುಸ್ತಕಗಳ ರೂಢಿ. ಪರೀಕ್ಷೆಗೆ ಅದು ಅನುಕೂಲವೇನೋ ಹೌದು. ಗಿಡದ ಮುಂದೆ ನಿಂತಾಗ ಅದು ಎಷ್ಟು ನೆರವಾಗುತ್ತದೆ?

ಮೊದಲು ಪ್ರಯೋಗವನ್ನೇ ನೋಡೋಣ. ಬೀನ್ಸ್ ಬೀಜ ಮೊಳೆತಾಗ ಎರಡು ದಪ್ಪ ಬೀಜದಳಗಳು ಮಣ್ಣಿನಿಂದ ಮೇಲೆ ಬರುತ್ತವೆ. ಪಕ್ಕದ ಕುಂಡದಲ್ಲಿ ಮುಸುಕಿನ ಜೋಳದ ಒಂಟಿ ಹಸಿರೆಲೆ ಏಳುತ್ತದೆ. ಅದನ್ನು ತೋರಿಸಿ 'ಇದೇ ಆ ಒಂದು ಬೀಜದಳ' ಎಂದು ಹೇಳಿಬಿಡುವುದುಂಟು. ಇದು ತಪ್ಪು. ಅದು ಕೋಲಿಯಾಪ್ಟೈಲ್ ಎಂಬ ಒರೆಯಿಂದ ಹೊರಬಂದ ನಿಜವಾದ ಎಲೆ. ಬೀಜದಳ ಹೊರಗೆ ಬರುವುದೇ ಇಲ್ಲ. ಸ್ಕುಟೆಲ್ಲಮ್ ಎಂಬ ಹೆಸರಿನ ಅದು ಕಾಳಿನೊಳಗೇ ಉಳಿದು, ಭ್ರೂಣಾಹಾರದಲ್ಲಿರುವ ಪಿಷ್ಟವನ್ನು ಕರಗಿಸಿ ಹೀರಿ ಸಸಿಗೆ ಒದಗಿಸುತ್ತಿರುತ್ತದೆ. ನೆನೆಸಿದ ಕಾಳನ್ನು ಉದ್ದಕ್ಕೆ ಸೀಳಿ ಅಯೊಡಿನ್ ದ್ರಾವಣ ಹಾಕಿ. ಭ್ರೂಣಾಹಾರ ಕಪ್ಪುನೀಲಿಯಾಗುತ್ತದೆ, ಅದಕ್ಕೆ ಒತ್ತಿಕೊಂಡಿರುವ ಬೀಜದಳ ಹಾಗೆ ಕಪ್ಪಾಗುವುದಿಲ್ಲ.

ಏಕದಳ ಸಸ್ಯದ ಬೀಜದಳವನ್ನು ಕಣ್ಣಾರೆ ತೋರಿಸಬೇಕೆಂದರೆ ಈರುಳ್ಳಿ ಬೀಜ ಬಿತ್ತಬೇಕು. ಮಡಿಸಿದ ಮೊಣಕಾಲಿನಂತೆ ಬಾಗಿ ಮೇಲೇಳುವ ಹಸಿರು ಕಡ್ಡಿಯೇ ಅದರ ಬೀಜದಳ. ನೆಟ್ಟಗಾದ ಮೇಲೂ ತುದಿಯಲ್ಲಿ ಕಪ್ಪು ಸಿಪ್ಪೆಯನ್ನು ಹೊತ್ತಿರುತ್ತದೆ. ಇಷ್ಟು ಸುಲಭದ ಉದಾಹರಣೆ ನಮ್ಮ ಪಾಠಗಳಲ್ಲಿ ಅಪರೂಪ.

ಇನ್ನು ಕೋಷ್ಟಕ. ಬತ್ತ, ರಾಗಿ, ಕಬ್ಬುಗಳ ಎಲೆ-ಬೇರುಗಳ ಮಟ್ಟಿಗೆ ಅದು ಸರಿ. ಆದರೆ ಕೆಸುವಿನ ಎಲೆಯಲ್ಲಿ ನಾಳಗಳು ಬಲೆಯಂತೆ ಹೆಣೆದುಕೊಂಡಿವೆ, ಕೆಸು ಏಕದಳ. ಸೀತಾಫಲದ ಹೂವಿನಲ್ಲಿ ಎದ್ದುಕಾಣುವ ಪುಷ್ಪದಳಗಳು ಮೂರು. ಅದರ ಬೀಜದಲ್ಲಿ ದಳಗಳು ಎರಡು. ಕೋಷ್ಟಕವನ್ನು ನಂಬಿದ ಜಾಣ ವಿದ್ಯಾರ್ಥಿಯೇ ಇಲ್ಲಿ ಮೊದಲು ಎಡವುತ್ತಾನೆ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಎರಡು ಸಾಲುಗಳಿರುವುದರಿಂದ ಹೂಬಿಡುವ ಸಸ್ಯಗಳು ಎರಡೇ ಕವಲು ಎಂದು ಮಕ್ಕಳು ತಿಳಿಯುತ್ತಾರೆ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ರೇ ಬೀಜದಳಗಳ ಎಣಿಕೆಯನ್ನು ವರ್ಗೀಕರಣಕ್ಕೆ ತಂದಾಗ ಅದು ದೊಡ್ಡ ಹೆಜ್ಜೆಯೇ ಆಗಿತ್ತು. ಆದರೆ ಡಿಎನ್‌ಎ ಹೋಲಿಕೆಯನ್ನು ಆಧರಿಸಿ 1998ರಲ್ಲಿ ಪ್ರಕಟವಾದ ಎಪಿಜಿ ವರ್ಗೀಕರಣದಲ್ಲಿ ಏಕದಳಗಳು ಒಂದೇ ಮೂಲದ ಗುಂಪಾಗಿ ಉಳಿದವು, ದ್ವಿದಳಗಳು ಉಳಿಯಲಿಲ್ಲ. ಮೆಣಸು, ಸಂಪಿಗೆ, ಸೀತಾಫಲ ಈಗ ಬೇರೆಯೇ ಕವಲು. ನೈದಿಲೆ ಇವೆಲ್ಲಕ್ಕಿಂತ ಮೊದಲೇ ಕವಲೊಡೆದದ್ದು. ಹಳೆಯ ಪುಸ್ತಕಗಳು ಅದರ ಪಕ್ಕದಲ್ಲೇ ಕೂರಿಸಿದ್ದ ತಾವರೆ ನಿಜದ್ವಿದಳಗಳ ಸಾಲಿಗೆ ಸೇರಿದೆ.