ಐವರ ವೇದಿಕೆ, ಒಬ್ಬರ ಸುದ್ದಿ

ಹಿಂದೂಸ್ತಾನಿ ಗಾಯನದ ಮೈಫಿಲ್‌ನಲ್ಲಿ ಸಾಮಾನ್ಯವಾಗಿ ವೇದಿಕೆಯ ಮೇಲೆ ಐದು ಮಂದಿ ಕೂತಿರುತ್ತಾರೆ. ನಡುವೆ ಗಾಯಕರು, ಆಚೀಚೆ ತಬಲಾ ಮತ್ತು ಪೇಟಿ (ಹಾರ್ಮೋನಿಯಂ), ಬೆನ್ನಿಗೆ ಎರಡು ತಂಬೂರಿ. ರೋಣ, ನರಗುಂದ, ಗಜೇಂದ್ರಗಡದ ಕಡೆ ಹಾಡಿಕೆ ಮುಗಿದ ಮೇಲೆ ಶುರುವಾಗುವ ಮಾತುಕತೆಯಲ್ಲಿ ಮಾತ್ರ ಈ ಐವರಲ್ಲಿ ನಾಲ್ವರ ಸುದ್ದಿ ಬರುವುದು ಅಪರೂಪ. ಆ ಮಾತುಕತೆಯನ್ನು ಹಗುರವಾಗಿ ಕಾಣುವ ಹಾಗಿಲ್ಲ. ಪತ್ರಿಕೆಗಳು ಒಂದು ಫೋಟೊ ಹಾಕಿ ‘ಶ್ರೋತೃಗಳನ್ನು ಮಂತ್ರಮುಗ್ಧಗೊಳಿಸಿದರು’ ಎಂದು ಎರಡು ಸಾಲಲ್ಲಿ ಕೈತೊಳೆದುಕೊಳ್ಳುವ ಈ ಕಾಲದಲ್ಲಿ ನಮ್ಮ ಸೀಮೆಯ ಸಂಗೀತ ವಿಮರ್ಶೆ ಉಳಿದಿರುವುದೇ ಚಹಾದಂಗಡಿಯ ಬಾಕಿನ ಮೇಲೆ, ಗುಡಿಯ ಕಟ್ಟೆಯ ಮೇಲೆ, ಗದಗಿನಿಂದ ರಾತ್ರಿ ಹೊರಳಿ ಬರುವ ಬಸ್ಸಿನ ಹಿಂದಿನ ಸೀಟಿನಲ್ಲಿ. ಅದು ವಿಮರ್ಶೆಯೇ ಆಗಿದ್ದರೆ ಅದನ್ನೂ ತೂಗಿ ನೋಡಬೇಕಲ್ಲ.

ಮೊದಲು ಅದರ ಹೆಚ್ಚುಗಾರಿಕೆ. ಈ ರಸಿಕರ ನೆನಪು ಭಾರಿ ಗಟ್ಟಿ. ನಿವೃತ್ತ ಮಾಸ್ತರರು, ಅಡತಿ ಅಂಗಡಿಯ ಗುಮಾಸ್ತರು, ಗಜೇಂದ್ರಗಡದ ನೇಕಾರರು. ಸ್ವರಲಿಪಿ ಓದಲು ಬಾರದವರೇ ಬಹಳ. ಆದರೂ ಅವರಾಡುವ ಮಾತು ಹೀಗಿರುತ್ತದೆ: “ಪೂರಿಯಾ ಧನಾಶ್ರೀ ಚಲೋ ಆತ್ರಿ. ಆದ್ರ ಹ್ವಾದ ಸಲ ಗದಗಿನ್ಯಾಗ ಹಾಡಿದ್ದು ಬ್ಯಾರೇನ ಇತ್ತು. ಅವತ್ತು ಪಂಚಮದ ಮ್ಯಾಲೆ ಕುಂತ್ರಂದ್ರ ಏಳವಲ್ರಾಗಿದ್ರು. ಇವತ್ತು ಲಗೂನ ದಾಟಿ ಹ್ವಾದ್ರು.” ಒಂದು ರಾಗ, ಒಬ್ಬ ಗಾಯಕ, ಎರಡು ರಾತ್ರಿ, ಎಲ್ಲಿ ವ್ಯತ್ಯಾಸವಾಯಿತು ಎಂಬುದರ ಖಚಿತ ಗುರುತು. ಇದಕ್ಕಿಂತ ಹೆಚ್ಚಿನದನ್ನು ಹೇಳುವ ಲೇಖನಗಳನ್ನು ನಾನು ಓದಿದ್ದು ಕಡಿಮೆ.

ಇದೇ ಚಟ ಇರುವ ಇನ್ನೊಂದು ಕುಲವೆಂದರೆ ಜಾಝ್ ಕೇಳುಗರದು. 1965ರ ಡಿಸೆಂಬರ್ 22 ಮತ್ತು 23ರಂದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಮ್ಮ ಐವರ ತಂಡದೊಂದಿಗೆ ಷಿಕಾಗೊದ ಪ್ಲಗ್ಡ್ ನಿಕಲ್ ಎಂಬ ಕ್ಲಬ್ಬಿನಲ್ಲಿ ನುಡಿಸಿದರು. ಎರಡು ರಾತ್ರಿಗೆ ಒಟ್ಟು ಏಳು ಸೆಟ್. ಮುದ್ರಿಕೆಯಲ್ಲಿ ಗಿರಾಕಿಗಳ ಮಾತು, ಗಲ್ಲಾಪೆಟ್ಟಿಗೆಯ ಸದ್ದು ಎಲ್ಲವೂ ಕೇಳುತ್ತದೆ. ನುಡಿಸಿದ ಹಾಡುಗಳು ಹಳೆಯವೇ, ಅವುಗಳಲ್ಲಿ ಕೆಲವು ಮತ್ತೆ ಮತ್ತೆ ಬರುತ್ತವೆ. ಬಂದಾಗಲೆಲ್ಲ ಬೇರೆಯಾಗಿ ಬರುತ್ತವೆ. ಏಳೂ ಸೆಟ್ 1995ರಲ್ಲಿ ಪೂರ್ತಿಯಾಗಿ ಹೊರಬಂದ ಮೇಲೆ ಯಾವ ರಾತ್ರಿಯದು ಮೇಲು ಎಂಬ ವಾದ ಇಂದಿಗೂ ಮುಗಿದಿಲ್ಲ. ನಮ್ಮ ಪೂರಿಯಾ ಧನಾಶ್ರೀಯ ಜಗಳವೂ ಅಂಥದೇ.

ಆದರೆ ಒಂದು ಫರಕಿದೆ. ಜಾಝ್ ಕೇಳುಗರು ಆ ರಾತ್ರಿಗಳ ಬಗ್ಗೆ ಮಾತಾಡುವಾಗ ಡೇವಿಸ್ ಹೆಸರಿನಿಂದ ಶುರುಮಾಡುತ್ತಾರೆ, ಅಲ್ಲೇ ನಿಲ್ಲುವುದಿಲ್ಲ. ಸ್ಯಾಕ್ಸೊಫೋನಿನ ವೇಯ್ನ್ ಶಾರ್ಟರ್, ಪಿಯಾನೊದ ಹರ್ಬಿ ಹ್ಯಾನ್‌ಕಾಕ್, ಬಾಸ್ ನುಡಿಸಿದ ರಾನ್ ಕಾರ್ಟರ್, ಆಗಷ್ಟೇ 20 ತುಂಬಿದ್ದ ಡ್ರಮ್ಮರ್ ಟೋನಿ ವಿಲಿಯಮ್ಸ್ ಎಲ್ಲರ ಲೆಕ್ಕವೂ ಬರುತ್ತದೆ. ಕೇಳುವವರು ಏನನ್ನು ಎದುರು ನೋಡುತ್ತಾರೋ ಅದನ್ನು ನುಡಿಸಲೇಬಾರದು ಎಂಬ ಹಂಚಿಕೆ ಹಾಕಿದವರು ವಿಲಿಯಮ್ಸ್ ಎಂದು ಹ್ಯಾನ್‌ಕಾಕ್ ಮುಂದೆ ಹೇಳಿದ್ದಾರೆ. ಅಂದರೆ ಆ ರಾತ್ರಿಗಳ ಸ್ವಭಾವವನ್ನು ಗೊತ್ತುಮಾಡಿದ್ದು ಹಿಂದೆ ಕೂತ ಹುಡುಗ. ತಾಳದವನ ಬಗ್ಗೆ ಮಾತಾಡದೆ ಆ ಸಂಗೀತವನ್ನು ವಿವರಿಸಲು ಬರುವುದಿಲ್ಲ.

ನಮ್ಮಲ್ಲಿ ಬರುತ್ತದೆಯೇ? ಬರುತ್ತದೆ ಎಂದುಕೊಂಡಿದ್ದೇವೆ, ಅಷ್ಟೇ. ಕಿರಾಣಾ ಪದ್ಧತಿಯ ವಿಲಂಬಿತ ಏಕತಾಲವನ್ನೇ ನೋಡಿ. ಹನ್ನೆರಡು ಮಾತ್ರೆ. ಗತಿ ಎಷ್ಟು ನಿಧಾನವೆಂದರೆ ಒಂದು ಆವರ್ತನ ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತು ಗಾಯಕರು ಕಣ್ಣುಮುಚ್ಚಿ ಗಾಂಧಾರದ ಸುತ್ತ ಓಡಾಡುತ್ತಿದ್ದರೂ ದಾರಿ ತಪ್ಪುವುದಿಲ್ಲ. ಯಾಕೆಂದರೆ ನಾಲ್ಕನೆಯ ಮಾತ್ರೆಗೆ ಒಂದು, ಹತ್ತನೆಯ ಮಾತ್ರೆಗೆ ಒಂದು ‘ತಿರಕಿಟ’ ಬೀಳುತ್ತದೆ. ಹತ್ತರ ತಿರಕಿಟ ಕಿವಿಗೆ ಬಿದ್ದಿತೆಂದರೆ ಆವರ್ತನದ ಮೊದಲ ಮಾತ್ರೆಯಾದ ಸಮ್ ಹತ್ತಿರ ಬಂತೆಂದು ಅರ್ಥ, ಹಾಡಿನ ಮೊದಲ ತುಣುಕಾದ ಮುಖಡಾ ಎತ್ತಿಕೊಳ್ಳಬೇಕು. ತಬಲಾದವರು ಆ ತಿರಕಿಟವನ್ನು ಬಿಡಿಸಿ, ನಾಲ್ಕು ಅಕ್ಷರವೂ ಸ್ಪಷ್ಟವಾಗಿ, ಹಿಂದಿನ ಆವರ್ತನದಲ್ಲಿ ಎಷ್ಟು ಅಂತರವಿತ್ತೋ ಅಷ್ಟೇ ಅಂತರವಿಟ್ಟು ಹಾಕಬೇಕು. ಒಂದು ಕೂದಲೆಳೆ ಮುಂದಾದರೂ ಗಾಯಕರ ಆಲಾಪ ಅವಸರಕ್ಕೆ ಬೀಳುತ್ತದೆ. ಆಗ ಬಸ್ಸಿನಲ್ಲಿ ಬರುವ ಟೀಕೆ: “ಇವತ್ತು ಯಾಕೋ ಲಗೂ ಲಗೂ ಹಾಡಿದ್ರು.” ಪಂಚಮದ ಮೇಲೆ ಕೂರದೆ ದಾಟಿ ಹೋದದ್ದಕ್ಕೆ ಕಾರಣ ಗಾಯಕರ ಗಂಟಲೋ, ಪಕ್ಕದಲ್ಲಿ ಏರುತ್ತಿದ್ದ ಲಯವೋ ಎಂದು ಕೇಳಿದವರು ಎಷ್ಟು ಮಂದಿ? ರೋಗ ಹಿಡಿಯುತ್ತಾರೆ, ಕಾರಣದ ತನಕ ಹೋಗುವುದಿಲ್ಲ.

ಈ ಒಬ್ಬರ ಸುದ್ದಿಗೆ ರೋಣದಲ್ಲಿ ಬೇರೆಯದೇ ಒಂದು ಕಾರಣವಿದೆ. ಭೀಮಸೇನ ಜೋಶಿ ಹುಟ್ಟಿದ್ದು ಇಲ್ಲಿ, 1922ರ ಫೆಬ್ರುವರಿ 4ರಂದು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ರಿಕಾರ್ಡು ಕೇಳಿ ಮರುಳಾದದ್ದು, ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟದ್ದು, ಗ್ವಾಲಿಯರ್, ಜಲಂಧರ್ ಸುತ್ತಿ ಕೊನೆಗೆ ಇಲ್ಲೇ ಹತ್ತಿರದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕಾಲಿಗೆ ಬಿದ್ದದ್ದು ಈ ಕಡೆಯ ಮಕ್ಕಳಿಗೂ ಗೊತ್ತಿರುವ ಕತೆ. ಭಾರತರತ್ನ ಬಂದ ಮೇಲಂತೂ ಕೇಳುವುದೇ ಬೇಡ. ಅಭಿಮಾನ ಸರಿಯೇ. ಆದರೆ ಯಾರೇ ಹಾಡಲಿ, ಕೊನೆಗೆ ಭೀಮಣ್ಣನ ತಕ್ಕಡಿಗೆ ಹಾಕಿ ತೂಗುವ ರೂಢಿ ನನಗೆ ಸಾಕಾಗಿದೆ. ಆ ತಕ್ಕಡಿಯಲ್ಲಿ ಇಡುವುದಾದರೂ ಏನನ್ನು? ತಾನ್ ಎಷ್ಟು ಉದ್ದ, ಉಸಿರು ಎಷ್ಟು ಹೊತ್ತು, ತಾರ ಷಡ್ಜದಲ್ಲಿ ಎಷ್ಟು ನಿಂತರು. ಸಂಗ್ರಾಣಿ ಕಲ್ಲು ಎತ್ತುವ ಪಂದ್ಯದಲ್ಲಿ ಇಂಥ ಲೆಕ್ಕ ನಡೆದೀತು. ಅವರದೇ ಮುದ್ರಿಕೆಗಳನ್ನು ಒಮ್ಮೆ ಗಾಯನ ಬಿಟ್ಟು ತಬಲಾಕ್ಕೆ ಕಿವಿಗೊಟ್ಟು ಕೇಳಬೇಕು. ವಸಂತ ಆಚ್ರೇಕರ್ ಇರಲಿ, ನಾನಾ ಮುಳೆ ಇರಲಿ, ಬಹಳ ಹೊತ್ತು ಬರೀ ಠೇಕಾ ಹಿಡಿದು ಕೂತಿರುತ್ತಾರೆ, ಕೈಚಳಕ ತೋರಿಸುವ ಆಸೆಯೇ ಇಲ್ಲದವರ ಹಾಗೆ. ಆ ಬರೀ ಠೇಕಾ ಇದ್ದದ್ದರಿಂದಲೇ ಭೀಮಸೇನರು ತಾನ್‌ನಲ್ಲಿ ಆ ಪರಿ ಹಾರಿ, ಬಂದು ಸಮ್ ಮೇಲೆ ಇಳಿಯಲು ಸಾಧ್ಯವಾಯಿತು.

ಪೇಟಿಯ ಕತೆ ಇನ್ನೂ ವಿಚಿತ್ರ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಶ್ರುತಿಗಳನ್ನು ಹಿಡಿಯಲಾರದ ಪರದೇಶಿ ವಾದ್ಯ ಎಂಬ ದೂರು. 1971ರಲ್ಲಿ ಆ ನಿಷೇಧ ಭಾಗಶಃ ಸಡಿಲವಾಯಿತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಂದರೆ ಈ ಭಾಗದ ಕಿವಿಗಳನ್ನು ತಿದ್ದಿದ ನಿಲಯ ತನ್ನ ಮೊದಲ ಇಪ್ಪತ್ತೊಂದು ವರ್ಷ ಪೇಟಿಯಿಲ್ಲದ ಗಾಯನವನ್ನು ಬಿತ್ತರಿಸಿತು. ಅದೇ ಹೊತ್ತಿಗೆ ಊರ ಮೈಫಿಲ್‌ಗಳಲ್ಲಿ, ನಾಟಕ ಕಂಪನಿಗಳಲ್ಲಿ, ಭಜನೆಯಲ್ಲಿ ಪೇಟಿಯೇ ಆಧಾರ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು (1917–2010) ಈ ನಾಡಿನ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟವರು. ಜನ ಕೇಳಿದ್ದು ಎರಡು ಬಗೆಯ ಸಂಗೀತ, ಗಣ್ಯ ಎನಿಸಿಕೊಂಡದ್ದು ಪೇಟಿ ಇಲ್ಲದ್ದು. ಪೇಟಿಯ ಬಗ್ಗೆ ನಮ್ಮ ರಸಿಕರ ಬಾಯಲ್ಲಿ ಇಂದಿಗೂ ಎರಡೇ ಮಾತಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಗುಮಾನಿ: ‘ಸಾಥ್ ಚಲೋ ಇತ್ತು’, ಇಲ್ಲವೆ ‘ಪೇಟಿ ಜಾಸ್ತಿ ಆತು’. ಗಾಯಕರ ಸ್ವರವಿನ್ಯಾಸದ ಹಿಂದೆಯೇ ನೆರಳಿನಂತೆ ಹೋಗುವವರು ಯಾರು, ಉಸಿರಿಗೆಂದು ಬಿಟ್ಟ ಜಾಗದಲ್ಲಿ ಅದೇ ಸಾಲನ್ನು ತಿರುಗಿ ನುಡಿಸುವವರು ಯಾರು, ಮುಂದಿನ ಸ್ವರವನ್ನು ಮೊದಲೇ ಒತ್ತಿ ಹಾಡುವವರ ಗುಟ್ಟು ರಟ್ಟುಮಾಡುವವರು ಯಾರು, ಇದನ್ನೆಲ್ಲ ಬಿಡಿಸಿ ಹೇಳುವ ಮಾತು ಬೆಳೆಯಲೇ ಇಲ್ಲ.

ತಂಬೂರಿಯ ಸುದ್ದಿ ಬರುವುದು ಶ್ರುತಿ ಇಳಿದಾಗ ಮಾತ್ರ.

ಹಾಗಂತ ವಾದ್ಯ ಬಲ್ಲವರಿಗೆ ಇಲ್ಲಿ ಬರವೇನೂ ಇಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಪಕ್ಕದಲ್ಲೇ ಇದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ್ದು. ಅಂಧ ಮಕ್ಕಳೂ ಬಡವರ ಮಕ್ಕಳೂ ಅಲ್ಲಿ ಉಂಡು, ಉಟ್ಟು, ಕಲಿತರು. ಜನರ ಬಾಯಲ್ಲಿ ‘ಅಜ್ಜಾರು’ ಆದ ಪುಟ್ಟರಾಜರು ಗಾಯನದ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ಬಲ್ಲವರು. ಒಬ್ಬರೇ ಐವರ ಕೆಲಸ ಬಲ್ಲ ಗುರುವಿದ್ದ ನೆಲದಲ್ಲಿ ಐವರಲ್ಲಿ ಒಬ್ಬರನ್ನೇ ಕೇಳುವ ರೂಢಿ ಬೆಳೆದದ್ದು ಸೋಜಿಗ. ಇಲ್ಲಿ ಇನ್ನೊಂದು ತೊಡಕೂ ಇದೆ, ಹೇಳಿದರೆ ಕೆಲವರಿಗೆ ಸಿಟ್ಟು ಬಂದೀತು. ಹಾಡಿದವರು ಆಶ್ರಮದವರಾಗಿದ್ದರೆ ‘ಎಲ್ಲಾ ಅಜ್ಜಾರ ಆಶೀರ್ವಾದ’ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಭಕ್ತಿ ದೊಡ್ಡದು ನಿಜ. ಆದರೆ ಅವತ್ತಿನ ಬೋಲ್ ತಾನ್ ತೊದಲಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಕಲಿಯುವ ಹುಡುಗನಿಗೆ ಬೇಕಾದದ್ದು ಆ ಉತ್ತರ.

ಇಷ್ಟೆಲ್ಲ ದೂರಿದ ಮೇಲೆ, ನನ್ನ ದೂರಿಗೆ ಅಡ್ಡ ಬರುವ ಒಂದು ಸಂಗತಿಯನ್ನೂ ಹೇಳಬೇಕು. ಶ್ರಾವಣ ಬಂತೆಂದರೆ ಈ ಭಾಗದ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಸಂಜೆ ಊಟ ಮುಗಿಸಿ ಜನ ಸೇರುತ್ತಾರೆ. ಪ್ರವಚನಕಾರರು ಕತೆ ಹೇಳುತ್ತ ಹೇಳುತ್ತ ಒಂದು ಹಂತಕ್ಕೆ ತಂದು ನಿಲ್ಲಿಸಿದರೆ ಅಲ್ಲಿಂದ ಗವಾಯಿಗಳು ಪೇಟಿಯ ಮೇಲೆ ಬೆರಳಾಡಿಸಿ ವಚನವನ್ನೋ ತತ್ವಪದವನ್ನೋ ಎತ್ತಿಕೊಳ್ಳುತ್ತಾರೆ, ಪಕ್ಕದಲ್ಲಿ ತಬಲಾ. ಮೂವರ ತಂಡ, ತಿಂಗಳೊಪ್ಪತ್ತು ಊರಲ್ಲೇ ಮೊಕ್ಕಾಂ. ಗವಾಯಿಗಳೂ ತಬಲಾದವರೂ ಬಹಳ ಸಲ ಪುಣ್ಯಾಶ್ರಮದಲ್ಲಿ ಕಲಿತವರೇ. ಇವತ್ತು ಒಬ್ಬರ ಮನೆಯಲ್ಲಿ ಪ್ರಸಾದ, ನಾಳೆ ಇನ್ನೊಬ್ಬರ ಮನೆಯಲ್ಲಿ. ಹೀಗಾಗಿ ತಬಲಾದವರು ಯಾರ ಪೈಕಿ, ಯಾರ ಕೈಯಲ್ಲಿ ಕಲಿತರು, ಬಾಯಾ ಯಾಕೆ ಇಷ್ಟು ಗುಮ್ಮೆನ್ನುತ್ತದೆ ಎಲ್ಲವೂ ಊರಿಗೆ ಗೊತ್ತಾಗುತ್ತದೆ. ಮೈಫಿಲ್‌ಗೆ ಎಂದೂ ಹೋಗದ ಹೆಣ್ಣುಮಕ್ಕಳು ಇಲ್ಲಿ ಮುಂದಿನ ಸಾಲಿನಲ್ಲಿರುತ್ತಾರೆ, ಅವರ ತೀರ್ಪು ಖಡಕ್ಕಾಗಿರುತ್ತದೆ. “ಗವಾಯಿಗೋಳು ಚಲೋ ಹಾಡ್ತಾರ. ಆದ್ರ ತಬಲಾದವ್ರು ಇರಲಿಕ್ರ ಅವ್ರ ಪದಾ ಏಳೂದs ಇಲ್ಲ ನೋಡವಾ.” ಮೈಫಿಲ್ ರಸಿಕರು ಆಡದ ಮಾತು ಇದು.

ಯಾಕೆ ಹೀಗೆ? ಅಲ್ಲಿ ತಂಡ ಒಂದಾಗಿ ಬಂದು ಒಂದಾಗಿ ಉಳಿಯುತ್ತದೆ. ಮೊದಲ ದಿನ ಮೂವರೂ ಒಬ್ಬರಿಗೊಬ್ಬರು ಅಡರಾಸಾಗಿರುವುದು, ಹತ್ತನೆಯ ದಿನಕ್ಕೆ ಕಣ್ಸನ್ನೆಯಲ್ಲೇ ಕೆಲಸ ನಡೆಯುವುದು ಎಲ್ಲರಿಗೂ ಕಾಣುತ್ತದೆ. ಸುತ್ತಾಟದಲ್ಲಿರುವ ಜಾಝ್ ತಂಡವನ್ನು ಊರಿಂದೂರಿಗೆ ಬೆನ್ನುಹತ್ತಿ ಕೇಳುವವರಿಗೆ ಸಿಗುವುದೂ ಇದೇ. ನಮ್ಮ ಮೈಫಿಲ್‌ಗಳಲ್ಲಿ ಗಾಯಕರು ಪುಣೆಯಿಂದ ಬರುತ್ತಾರೆ, ತಬಲಾದವರು ಹುಬ್ಬಳ್ಳಿಯಿಂದ, ಪೇಟಿಯವರು ಇನ್ನೆಲ್ಲಿಂದಲೋ. ಎಷ್ಟೋ ಸಲ ಒಬ್ಬರನ್ನೊಬ್ಬರು ನೋಡುವುದೇ ಅವತ್ತು ಸಂಜೆ. ಒಂದು ರಾತ್ರಿಗಾಗಿ ಕೂಡಿದ ಐವರನ್ನು ‘ತಂಡ’ ಎಂದು ಕೇಳು ಎಂದರೆ ರಸಿಕನಾದರೂ ಹೇಗೆ ಕೇಳಿಯಾನು? ಸಂಘಟಕರೂ ಸಹಾಯ ಮಾಡುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರ, ಅತಿಥಿಗಳ, ದಾನಿಗಳ ಹೆಸರಾದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ತಬಲಾ ಸಾಥ್’. ತಂಬೂರಿಯವರಿಗೆ ಅದೂ ಇಲ್ಲ. ಧ್ವನಿವರ್ಧಕದವನು ಗಾಯಕರ ಮೈಕನ್ನು ಅಟ್ಟಕ್ಕೇರಿಸಿ ಡಗ್ಗಾದ ದನಿಯನ್ನು ನುಂಗಿಹಾಕುತ್ತಾನೆ.

ತಾಳದವರನ್ನು ಹಿಂದೆ ಕೂರಿಸದೆ ಐವರನ್ನೂ ಕೇಳಿಸಿದ ಉದಾಹರಣೆ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದಿತು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಮೋರ್ಸಿಂಗ್, ಖಂಜಿರ, ಕೊನ್ನಕೋಲು. ಅದನ್ನು ಕೇಳಿದವರು ಬರೀ ಸ್ಯಾಕ್ಸೊಫೋನಿನ ಬಗ್ಗೆ ಮಾತಾಡಿ ಸುಮ್ಮನಾಗಲು ಬರುವುದಿಲ್ಲ. ಹಿಂದೂಸ್ತಾನಿ ಖಯಾಲು ಆ ಥರದ ಸಂಗೀತವಲ್ಲ, ಆಗಬೇಕಾಗಿಯೂ ಇಲ್ಲ. ಅಲ್ಲಿ ಗಾಯಕರೇ ಯಜಮಾನರು. ಆದರೆ ಯಜಮಾನರ ಮನೆ ನಡೆಯುವುದು ಯಾರ ದುಡಿಮೆಯಿಂದ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಪುರಾಣದ ಕೇಳುಗರ ತೀರ್ಪಿಗೆ ಇನ್ನೊಂದು ತೂಕವಿದೆ, ಅದು ಜಾರಿಗೆ ಬರುತ್ತದೆ. ಪುರಾಣ ಮುಗಿಯುವ ಮಂಗಲದ ದಿನ ಲೆಕ್ಕಪತ್ರ ಮುಗಿದ ಮೇಲೆ ಮುಂದಿನ ವರ್ಷದ ಮಾತು ಬಂದೇ ಬರುತ್ತದೆ. “ಪ್ರವಚನಕ್ಕ ಯಾರನ್ನರ ಕರಸ್ರಿ, ನಮ್ದೇನ್ ತಕರಾರಿಲ್ಲ. ತಬಲಾಕ್ಕ ಮಾತ್ರ ಇವ್ರs ಬೇಕ್ರಿ” ಎಂದು ಹಿರಿಯರೊಬ್ಬರು ಅಂದರೆ ಕಮಿಟಿಯವರು ಅಲ್ಲೇ ತಬಲಾದವರ ಫೋನ್ ನಂಬರು ಬರೆದುಕೊಳ್ಳುತ್ತಾರೆ. ಊರಿನ ಮೈಫಿಲ್‌ಗೆ ವರ್ಗಣಿ ಎತ್ತುವವರ ಮುಂದೆ ರಸಿಕರು ಯಾರನ್ನು ಕರೆಸಬೇಕೆಂದು ವಾದಿಸುವುದು ಇದ್ದೇ ಇದೆ. ಆ ಪಟ್ಟಿಯಲ್ಲಿ ಗಾಯಕರ ಹೆಸರಿನ ಮುಂದೆ ಇನ್ನೂ ಎರಡು ಹೆಸರು ಸೇರಿಸಿ ಹೇಳಲು ಯಾರದೇನೂ ಅಡ್ಡಿಯಿಲ್ಲ.