ನಾಟಕದವಳು

ಕಮಲಾಪುರದ ನಮ್ಮ ಓಣಿಯಲ್ಲಿ ಜೋರಾಗಿ ನಕ್ಕ ಹುಡುಗಿಗೆ ಬೀಳುತ್ತಿದ್ದ ಬೈಗುಳ 'ನಾಟಕದವಳು'. ನಮ್ಮ ದಾದಿ ಅದನ್ನು ಉರ್ದುವಿನಲ್ಲಿ ಬೈಯುತ್ತಿದ್ದರು, ಪಕ್ಕದ ಮನೆಯ ಗೌಡತಿ ಕನ್ನಡದಲ್ಲಿ. ಈ ಒಂದು ಮಾತಿನಲ್ಲಿ ಎರಡು ಮನೆಗಳಿಗೆ ಎಂಥ ಒಗ್ಗಟ್ಟು! ಪ್ರೀತಿ ನಾಗರಾಜ್ ನಿರೂಪಿಸಿದ ಬಿ. ಜಯಶ್ರೀಯವರ ಆತ್ಮಕಥೆ 'ಕಣ್ಣಾಮುಚ್ಚೇ ಕಾಡೇಗೂಡೇ'ಯನ್ನು ಕಲಬುರಗಿಯಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಬಿಡಿಸಿದಾಗ ಅದೇ ನೆನಪಾಯಿತು.

ಗುಬ್ಬಿ ವೀರಣ್ಣನವರ ಮೊಮ್ಮಗಳು ಎಂದು ಹೇಳಿ ಇವರ ಪರಿಚಯ ಮುಗಿಸುವುದು ನಮ್ಮ ರೂಢಿ. ತಾಯಿ ಜಿ.ವಿ. ಮಾಲತಮ್ಮನವರೂ ರಂಗನಟಿಯೆಂದು ಎಷ್ಟು ಜನ ಹೇಳುತ್ತಾರೆ? 1973ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಜಯಶ್ರೀ 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. ಅಲ್ಲಿ ಕಲಿತವರು ಕಂಪನಿಯ ಹಾಡನ್ನು ಮರೆಯಬಹುದಿತ್ತು. ಇವರು ಅದನ್ನೂ ಜಾನಪದ ಮಟ್ಟುಗಳನ್ನೂ ರಂಗಕ್ಕೆ ತಂದರು. ರಂಗಭೂಮಿಯ ಬಗ್ಗೆ ಇವರ ಅಭಿಪ್ರಾಯವನ್ನು ಭಾಷಣಗಳಲ್ಲಿ ಹುಡುಕಬೇಕಿಲ್ಲ, ಆ ಕಂಠ ಕೇಳಿದರೆ ಸಾಕು.

ನನಗೊಂದು ತಕರಾರೂ ಇದೆ. ಕಂಬಾರರ 'ಕರಿಮಾಯಿ' ಒಂದು ಊರು ಒಳಗಿಂದ ಒಡೆಯುವ ಕಥೆ. ಇವರ ರಂಗರೂಪದಲ್ಲಿ ಹಾಡಿನ ಸೊಗಸು ಆ ನೋವನ್ನು ಕೆಲವೆಡೆ ಮುಚ್ಚಿಬಿಡುತ್ತದೆ.

2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ. ಇದನ್ನೆಲ್ಲ ಅಮ್ಮಿಗೆ ಓದಿ ಹೇಳಿದೆ. ಅವರಿಗೆ ಪ್ರಶಸ್ತಿಯ ಮಾತು ಬೇಕಿರಲಿಲ್ಲ.

"ಆಕಿ ತಾಯಿನೂ ಸ್ಟೇಜಿಗಿ ಹೋಗ್ತಿದ್ಳಾ? ಮಂದಿ ಏನಂತಿದ್ರು?"

"ದಾದಿ ಅಂತಿದ್ರಲ್ಲ, ಅದೇ" ಅಂದೆ.