ಆಕಾಶಚಿತ್ರವೂ ಅಳತೆಯೂ: ಹವ್ಯಾಸಿ ವೀಕ್ಷಕರ ಕೃತಿಗಳ ಒಂದು ವಿಮರ್ಶೆ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಕಾಶವೀಕ್ಷಣೆಯ ಹವ್ಯಾಸವು ಬೇರೂರಿ ನಿಂತಿರುವುದು ಸಂತೋಷದ ವಿಷಯ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಆಶ್ರಯದಲ್ಲಿ ಡಾ. ಎ. ಪಿ. ಭಟ್ಟರು ಬೆಳೆಸಿದ ಹವ್ಯಾಸಿ ಖಗೋಳವೀಕ್ಷಕರ ಸಂಘವು ಗ್ರಹಣ, ಧೂಮಕೇತು ಮೊದಲಾದವನ್ನು ಜನಸಾಮಾನ್ಯರಿಗೆ ತೋರಿಸಿ, ಅವುಗಳ ಕುರಿತ ಭೀತಿಯನ್ನು ನಿವಾರಿಸುವ ಕಾರ್ಯವನ್ನು ಮಾಡುತ್ತ ಬಂದಿದೆ. ಇಂತಹ ಉದ್ಯಮಗಳ ಪ್ರೇರಣೆಯಿಂದ ದೂರದರ್ಶಕವನ್ನೂ ಕ್ಯಾಮೆರಾವನ್ನೂ ಜೋಡಿಸಿ ಆಕಾಶದ ಛಾಯಾಚಿತ್ರ ತೆಗೆಯುವ ತರುಣರು ನಾಡಿನ ಅನೇಕ ಊರುಗಳಲ್ಲಿ ಕಾಣಿಸುತ್ತಿದ್ದಾರೆ. ಈ ಚಿತ್ರಗಳಿಗೆ ಪ್ರಶಂಸೆಯು ಧಾರಾಳವಾಗಿ ಸಂದಿದೆ, ವಿಮರ್ಶೆಯು ಸಂದಿಲ್ಲ. ಪ್ರಶಂಸೆಯಿಂದ ಉತ್ಸಾಹವು ಹೆಚ್ಚುವುದು ನಿಜವಾದರೂ, ಕೃತಿಯು ಬೆಳೆಯುವುದು ವಿಮರ್ಶೆಯಿಂದಲೇ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ.

ಇಲ್ಲಿ ವಿಚಾರಣೀಯವಾದ ಪ್ರಶ್ನೆಯು ಒಂದೇ: ಆಕಾಶಚಿತ್ರವೊಂದು ಯಾವಾಗ ಜ್ಞಾನವೆನಿಸಿಕೊಳ್ಳುತ್ತದೆ? ಇದಕ್ಕೆ ಉತ್ತರವನ್ನು ನಮ್ಮ ಶಾಸನಶಾಸ್ತ್ರವೇ ಒದಗಿಸಬಲ್ಲುದು. ಬಾರಕೂರಿನಲ್ಲಿಯೋ ಬೇರೆಡೆಯಲ್ಲಿಯೋ ದೊರೆತ ದಾನಶಾಸನವೊಂದನ್ನು ವಿದ್ವಾಂಸರು ಪರೀಕ್ಷಿಸುವಾಗ ಅಕ್ಷರಗಳ ಅಂದವನ್ನು ಮೆಚ್ಚಿ ಅಲ್ಲಿಗೇ ನಿಲ್ಲುವುದಿಲ್ಲ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳು ಪರಸ್ಪರ ಹೊಂದುವುವೆ? ಗ್ರಹಣದ ನಿಮಿತ್ತವಾಗಿ ದಾನವಿತ್ತುದಾಗಿ ಹೇಳಿದ್ದರೆ ಅಂದು ಗ್ರಹಣವು ನಿಜವಾಗಿ ಸಂಭವಿಸಿತ್ತೆ? ಹೀಗೆ ಕೇಳಿ, ಗಣಿತದಿಂದ ಒರೆಹಚ್ಚಿ, ಬಳಿಕವೇ ಅದನ್ನು ಪ್ರಮಾಣವೆಂದು ಸ್ವೀಕರಿಸುತ್ತಾರೆ. ಕಾಲವಿಲ್ಲದ ಶಾಸನದಿಂದ ಚರಿತ್ರೆಗೆ ದೊರೆಯುವ ನೆರವು ಅಲ್ಪ. ಆಕಾಶಚಿತ್ರಕ್ಕೂ ಇದೇ ನ್ಯಾಯವು ಅನ್ವಯಿಸತಕ್ಕದ್ದು.

ಇದು ಕೇವಲ ತರ್ಕವಲ್ಲವೆಂಬುದಕ್ಕೆ ಸಮೀಪಕಾಲದ ದೃಷ್ಟಾಂತವಿದೆ. 2023ನೆಯ ಮೇ 19ರಂದು ಜಪಾನಿನ ಹವ್ಯಾಸಿಯಾದ ಕೊಯಿಚಿ ಇತಗಾಕಿಯವರು ಸಪ್ತರ್ಷಿಮಂಡಲದ ದಿಕ್ಕಿನಲ್ಲಿರುವ ಎಂ 101 ಎಂಬ ಗೆಲಾಕ್ಸಿಯಲ್ಲಿ ಸೂಪರ್ನೋವಾ ಒಂದನ್ನು ಕಂಡುಹಿಡಿದರು. ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದ ಆ ಗೆಲಾಕ್ಸಿಯು ಹವ್ಯಾಸಿಗಳಿಗೆ ಬಹು ಪ್ರಿಯವಾದುದು. ಆದುದರಿಂದ ಆವಿಷ್ಕಾರಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿಯೂ ಅನೇಕರು ಅದರ ಚಿತ್ರವನ್ನು ತೆಗೆದಿದ್ದರು. ಕೆಲವರ ಚಿತ್ರಗಳಲ್ಲಿ ನಕ್ಷತ್ರವು ಇನ್ನೂ ಇರಲಿಲ್ಲ. ಕೆಲವರವುಗಳಲ್ಲಿ ಮಂದವಾಗಿ ತಲೆದೋರಿತ್ತು. ಸೌಂದರ್ಯಕ್ಕಾಗಿ ತೆಗೆದ ಈ ಬಿಂಬಗಳೇ ಸ್ಫೋಟದ ಹೊತ್ತನ್ನು ನಿರ್ಣಯಿಸಲು ಸಾಕ್ಷಿಗಳಾದುವು. ಆ ಸಾಕ್ಷ್ಯದ ಬಲವು ಚಿತ್ರದ ವರ್ಣವೈಭವದಲ್ಲಿರಲಿಲ್ಲ. ಪ್ರತಿಯೊಂದು ಬಿಂಬದ ಕಾಲವೂ ಅದರ ಮೂಲಪ್ರತಿಯೂ ಉಳಿದುಬಂದುದರಲ್ಲಿತ್ತು. 'ಏನೂ ಕಾಣಲಿಲ್ಲ' ಎಂಬ ಬಿಂಬಕ್ಕೂ ಅಲ್ಲಿ 'ಕಂಡಿತು' ಎಂಬುದರಷ್ಟೇ ಬೆಲೆ ಬಂದುದನ್ನು ವಿಶೇಷವಾಗಿ ಗಮನಿಸಬೇಕು.

ಈ ಒರೆಗಲ್ಲಿನ ಮೇಲೆ ಉಜ್ಜಿದಾಗ ನಮ್ಮಲ್ಲಿ ಪ್ರಕಟವಾಗುವ ಬಹುಮಂದಿಯ ಚಿತ್ರಗಳಲ್ಲಿ ಮೂರು ದೋಷಗಳು ಎದ್ದುಕಾಣುತ್ತವೆ. ಮೊದಲನೆಯದು ಕಾಲದೋಷ. 'ನಿನ್ನೆ ರಾತ್ರಿ ಕಂಡ ಧೂಮಕೇತು' ಎಂಬ ಅಡಿಬರಹದಿಂದ ಏನನ್ನೂ ಗಣಿಸಲಾಗದು. 15ನೆಯ ತಾರೀಖಿನ ಬೆಳಗಿನ ಜಾವ 2 ಗಂಟೆ ಎಂದರೆ ಸಾರ್ವತ್ರಿಕ ಮಾನದಲ್ಲಿ 14ನೆಯ ತಾರೀಖಿನ 20 ಗಂಟೆ 30 ನಿಮಿಷ. ಯಾವ ಮಾನವೆಂದು ಹೇಳದಿದ್ದರೆ ದಿನವೇ ತಪ್ಪೀತು. ಎರಡನೆಯದು ಸಂಸ್ಕಾರದೋಷ. ಮಂದವಾದ ಬಾಲವನ್ನು ಎದ್ದುತೋರಿಸಲು ಚಿತ್ರದ ಬೆಳಕನ್ನು ಹಿಗ್ಗಿಸಿದಾಗ, ಒಂದು ನಕ್ಷತ್ರಕ್ಕೂ ಇನ್ನೊಂದಕ್ಕೂ ಇರುವ ಕಾಂತಿಯ ಪ್ರಮಾಣವು ಕೆಟ್ಟುಹೋಗುತ್ತದೆ. ನೋಡುವುದಕ್ಕಾಗಿ ಹಾಗೆ ಮಾಡುವುದು ಅಪರಾಧವಲ್ಲ. ಮೂಲಬಿಂಬವನ್ನು ಅಳಿಸಿಬಿಡುವುದು ಅಪರಾಧ. ಮೂರನೆಯದು ತುಲನಾದೋಷ. ಪಕ್ಕದ ಯಾವ ನಕ್ಷತ್ರಕ್ಕೆ ಹೋಲಿಸಿ ಇಷ್ಟು ಕಾಂತಿ ಎಂದು ಹೇಳಿದರು ಎಂಬುದು ತಿಳಿಯದ ಹೊರತು ಆ ಸಂಖ್ಯೆಯು ಅಭಿಪ್ರಾಯವೇ ಹೊರತು ಅಳತೆಯಲ್ಲ.

ಅಳತೆಯೆಂದೊಡನೆ ದುಬಾರಿಯ ಯಂತ್ರಗಳನ್ನು ಭಾವಿಸಬೇಕಾದುದಿಲ್ಲ. ನಮ್ಮ ಕೃಷಿಕರು ಮಳೆಗೆ ಹೆಸರಿಡುವ ಆರ್ದ್ರಾ ನಕ್ಷತ್ರವನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಅದರ ಕಾಂತಿಮಾನವು 2019ರ ಕೊನೆಯಿಂದ ಇಳಿಯುತ್ತ ಹೋಗಿ 2020ರ ಫೆಬ್ರವರಿಯಲ್ಲಿ ಸುಮಾರು 1.6ಕ್ಕೆ ಮುಟ್ಟಿತು. ಕಾಂತಿಮಾನದ ಅಂಕವು ಹೆಚ್ಚಿದಂತೆ ಬೆಳಕು ಕುಗ್ಗುವುದರಿಂದ, ನಕ್ಷತ್ರವು ತನ್ನ ಬೆಳಕಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಳೆದುಕೊಂಡಿತೆಂದು ಇದರ ಅರ್ಥ. ತಾನೇ ಹೊರಚೆಲ್ಲಿದ ದ್ರವ್ಯವು ತಣಿದು ಧೂಳಾಗಿ ಅಡ್ಡಬಂದುದು ಇದಕ್ಕೆ ಕಾರಣವೆಂದು ಬಳಿಕ ಪ್ರತಿಪಾದಿತವಾಯಿತು. ಈ ಇಳಿತವನ್ನು ಅಳೆಯಲು ಬರಿಗಣ್ಣೇ ಸಾಕಾಗಿತ್ತು: ಒಂದು ಕಡೆ 0.9ರ ರೋಹಿಣಿ, ಇನ್ನೊಂದು ಕಡೆ 1.6ರ ಬೆಲಾಟ್ರಿಕ್ಸ್, ಇವೆರಡರ ನಡುವೆ ಆರ್ದ್ರೆಯು ಎಷ್ಟನೆಯ ಪಾಲಿನಲ್ಲಿ ನಿಲ್ಲುವುದೆಂದು ಅಂದಾಜುಮಾಡಿ ಬರೆದಿಡುವುದಷ್ಟೇ ಕೆಲಸ. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡುತ್ತಿದ್ದರೆ ಅದು ಇದ್ದುದಕ್ಕಿಂತ ಪ್ರಕಾಶವಾಗಿ ತೋರುವುದರಿಂದ ಕ್ಷಿಪ್ರನೋಟಗಳಿಂದ ಹೋಲಿಸಬೇಕು. ತುಲನೆಯ ನಕ್ಷತ್ರಗಳು ದಿಗಂತದಿಂದ ಹೆಚ್ಚುಕಡಮೆ ಒಂದೇ ಎತ್ತರದಲ್ಲಿರಬೇಕು. ಇಷ್ಟು ಎಚ್ಚರಿಕೆಯುಳ್ಳ ಪ್ರೌಢಶಾಲೆಯ ವಿದ್ಯಾರ್ಥಿಯೂ ಪ್ರಮಾಣಭೂತವಾದ ಒಂದು ಅಂಕವನ್ನು ಕೊಡಬಲ್ಲನು.

ದೂರದಿಂದಲೇ ಆಕಾಶವನ್ನೆಲ್ಲ ಶೋಧಿಸುವ ಮಹಾಯಂತ್ರಗಳಿರುವಾಗ ಹವ್ಯಾಸಿಯ ಅಳತೆಯಿಂದೇನು ಪ್ರಯೋಜನವೆಂದು ಆಕ್ಷೇಪಿಸಬಹುದು. ಚಿಲಿ ದೇಶದ ರೂಬಿನ್ ವೀಕ್ಷಣಾಲಯವು 2025ರಲ್ಲಿ ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿತಷ್ಟೆ. ಆದರೆ ಮಂದನಕ್ಷತ್ರಗಳಿಗಾಗಿ ರಚಿತವಾದ ಅಂತಹ ಯಂತ್ರದಲ್ಲಿ ಉಜ್ಜ್ವಲವಾದ ತಾರೆಗಳ ಬೆಳಕು ತುಂಬಿತುಳುಕಿ ಅಳತೆಗೆ ಸಿಕ್ಕದೆ ಹೋಗುತ್ತದೆ. ಮೇಲಾಗಿ ಒಂದು ಸ್ಥಳದಲ್ಲಿ ಹಗಲಾದಾಗ ಅಲ್ಲಿನ ಯಂತ್ರವು ಕುರುಡು. ಉಡುಪಿಯ ರೇಖಾಂಶವು ಪೂರ್ವಕ್ಕೆ ಸುಮಾರು 75 ಅಂಶ. ಜಪಾನಿಗೂ ಮಧ್ಯ ಯೂರೋಪಿಗೂ ನಮ್ಮಿಂದ ಹೆಚ್ಚುಕಡಮೆ ನಾಲ್ಕು ನಾಲ್ಕು ಗಂಟೆಗಳ ಅಂತರ. ಗಂಟೆಗಂಟೆಗೂ ಬದಲಾಗುವ ನಕ್ಷತ್ರದ ಲೆಕ್ಕದಲ್ಲಿ ಈ ನಡುವಣ ತೆರಪನ್ನು ತುಂಬುವುದು ನಮ್ಮ ರೇಖಾಂಶದವರಿಗೆ ಸಲ್ಲುವ ಕರ್ತವ್ಯವಾಗಿದೆ.

ನಮ್ಮ ಕರಾವಳಿಗೆ ಇನ್ನೊಂದು ಅನುಕೂಲವುಂಟು. ಕೆಮ್ಮಣ್ಣಿನಂತಹ, ಸುವರ್ಣಾನದಿಯು ಕಡಲನ್ನು ಸಮೀಪಿಸುವ ಗ್ರಾಮಗಳಿಂದ ಕೊಂಚ ಪಶ್ಚಿಮಕ್ಕೆ ನಡೆದರೆ ಗುಡ್ಡ ಮರಗಳ ಅಡ್ಡಿಯಿಲ್ಲದ ಸಮುದ್ರದಿಗಂತವು ದೊರೆಯುತ್ತದೆ. ಸೂರ್ಯನ ಸನಿಹದಲ್ಲಿದ್ದು ಸಂಜೆಯ ಬೆಳಕಿನಲ್ಲಿ ಸ್ವಲ್ಪ ಹೊತ್ತು ಮಾತ್ರ ತೋರುವ ಧೂಮಕೇತುಗಳಿಗೆ ಇಂತಹ ದಿಗಂತವೇ ಬೇಕು. 2024ರ ಸೆಪ್ಟೆಂಬರ್ 27ರಂದು ಸೂರ್ಯನಿಗೆ ಅತಿ ಸಮೀಪವಾದ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತುವು ಅಕ್ಟೋಬರ್ ನಡುವಿನಲ್ಲಿ ಪಡುವಣದಲ್ಲಿ ತೋರಿದ್ದು ಹೀಗೆಯೆ. ಆದರೆ ಇಲ್ಲಿ ತೊಡಕುಗಳೂ ಕಡಮೆಯಲ್ಲ. ಮಳೆಗಾಲದ ನಾಲ್ಕು ತಿಂಗಳು ಆಕಾಶವು ಮುಚ್ಚಿರುತ್ತದೆ. ಉಳಿದ ಕಾಲದಲ್ಲಿಯೂ ಕಡಲಿನ ತೇವವು ದಿಗಂತದ ಬಳಿಯ ಬೆಳಕನ್ನು ನುಂಗುತ್ತದೆ. ಉಡುಪಿ, ಮಣಿಪಾಲಗಳ ದೀಪಗಳು ಮಂದತಾರೆಗಳನ್ನು ಮರೆಮಾಡುತ್ತವೆ. ಆದುದರಿಂದಲೇ ಇಲ್ಲಿಯ ಹವ್ಯಾಸಿಯು ಮರುಭೂಮಿಯ ಆಕಾಶದಲ್ಲಿ ತೆಗೆದ ಚಿತ್ರಗಳೊಡನೆ ಸೌಂದರ್ಯದಲ್ಲಿ ಸ್ಪರ್ಧಿಸಿ ಬಳಲುವುದಕ್ಕಿಂತ, ಈ ಆಕಾಶದಲ್ಲಿಯೂ ಸಾಧ್ಯವಾದ ಉಜ್ಜ್ವಲತಾರೆಗಳ ಅಳತೆಯನ್ನು ಕೈಕೊಳ್ಳುವುದು ಯುಕ್ತ.

ಈ ಮಾರ್ಗವು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಬಂಗಾಳದ ಜೆಸ್ಸೋರಿನ ಖಜಾನೆಯಲ್ಲಿ ನೌಕರರಾಗಿದ್ದ ರಾಧಾಗೋವಿಂದ ಚಂದ್ರರು 1918ರಲ್ಲಿ ಗರುಡಮಂಡಲದ ನವ್ಯತಾರೆಯನ್ನು ಕಂಡು, ಬಳಿಕ ಅಮೆರಿಕದ ಚರತಾರಾವೀಕ್ಷಕರ ಸಂಘಕ್ಕೆ 37,000ಕ್ಕೂ ಹೆಚ್ಚು ಅಳತೆಗಳನ್ನು ಕಳುಹಿಸಿದರು. ಆ ಸಂಘವು ಅವರಿಗೆ ಒದಗಿಸಿದ್ದ ದೂರದರ್ಶಕವು ಮುಂದೆ ವೇಣು ಬಾಪು ಅವರ ಕೈಸೇರಿ ಕಾವಲೂರಿಗೆ ಬಂದಿತು. ಆ ಮಹನೀಯರ ಹೆಸರು ಇಂದಿಗೂ ಉಳಿದಿರುವುದು ಚಿತ್ರಗಳಿಂದಲ್ಲ, ಅಂಕಗಳಿಂದ.

ಹಾಗೆಂದು ಚಿತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಚಿತ್ರವು ಕಣ್ಣನ್ನು ಸೆಳೆಯದಿದ್ದರೆ ತರುಣರು ಆಕಾಶದತ್ತ ತಲೆಯೆತ್ತುವುದೇ ಇಲ್ಲ. ನಮ್ಮ ಕೋರಿಕೆ ಇಷ್ಟೇ: ಪ್ರತಿಯೊಂದು ಚಿತ್ರದೊಡನೆ ಅದರ ಕಾಲ, ಸ್ಥಳ, ಉಪಕರಣ, ತುಲನೆಯ ನಕ್ಷತ್ರ, ಆಕಾಶದ ಸ್ಥಿತಿ ಇವೈದೂ ಇರಲಿ, ಮೂಲಬಿಂಬವು ಸುರಕ್ಷಿತವಾಗಿರಲಿ, ಕಾಣದ ರಾತ್ರಿಯ ವರದಿಯೂ ದಾಖಲಾಗಲಿ. ವೀಕ್ಷಕಸಂಘಗಳು ಇಂತಹ ಖಾತೆಯನ್ನು ಕನ್ನಡದಲ್ಲಿಯೇ ಇಟ್ಟು ವರ್ಷಕ್ಕೊಮ್ಮೆ ಪ್ರಕಟಿಸುವುದಾದರೆ, ಶಾಸನಸಂಪುಟಗಳನ್ನು ತೆರೆದು ನೋಡುವಂತೆಯೇ ಮುಂದಿನ ತಲೆಮಾರಿನವರು ಅದನ್ನೂ ತೆರೆದು ನೋಡುವರು.